ಡೊಂಬಿವಲಿಯಿಂದ ಕನ್ನಡ ಬ್ಲಾಗ್: ವಾರಕ್ಕೆಷ್ಟು ಬರೆಯಬೇಕು, ಓದುಗರು ಯಾವಾಗ ಬರುತ್ತಾರೆ?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ಮುಂಬೈನ ಕನ್ನಡದ ಜಾಗಗಳ ಬಗ್ಗೆ, ಅಂದರೆ ಸಂಘಗಳು, ಮಳೆಗಾಲದ ಯಕ್ಷಗಾನ, ಮಾಟುಂಗಾದ ಹೋಟೆಲುಗಳು, ಹಳೆಯ ರಾತ್ರಿಶಾಲೆಗಳ ಬಗ್ಗೆ, ಕನ್ನಡದಲ್ಲೇ ಬ್ಲಾಗ್ ಶುರು ಮಾಡುವ ಯೋಚನೆಯಿದೆ. ಗೂಗಲ್‌ನ ಬ್ಲಾಗರ್‌ನಲ್ಲಿ ಖಾತೆ ತೆರೆದಾಗಿದೆ. ಬರೆಯಲು ಸಿಗುವುದು ಲೋಕಲ್ ರೈಲಿನಲ್ಲಿ ಹೋಗಿಬರುವ ಹೊತ್ತು (ಸೀಟು ಸಿಕ್ಕರೆ!) ಮತ್ತು ಭಾನುವಾರದ ಬೆಳಗು. ದಿನಕ್ಕೊಂದು ಪೋಸ್ಟ್ ಹಾಕಿದರೆ ಮೂರು ತಿಂಗಳಲ್ಲಿ ದುಡ್ಡು ಬರುತ್ತದೆ ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಆಗುವ ಮಾತೇ ಇದು? ಓದುಗರು ಎಲ್ಲಿಂದ ಬರುತ್ತಾರೆ? ಡೊಮೇನ್ (ಸ್ವಂತ ವೆಬ್ ವಿಳಾಸ) ಈಗಲೇ ಕೊಳ್ಳಬೇಕಾ?

ವಡಾಲಾ ಓದುಗ:

ದಿನಕ್ಕೊಂದರ ಆಸೆ ಬಿಟ್ಟುಬಿಡಿ. ಹದಿನೈದು ದಿನಕ್ಕೊಂದು ಸಾಕು. ಲೆಕ್ಕ ಹಾಕುವಾಗ ಬಿಡುವಿರುವ ವಾರವನ್ನು ಹಿಡಿಯಬೇಡಿ, ಕೆಟ್ಟ ವಾರವನ್ನು ಹಿಡಿಯಿರಿ. ಜುಲೈನಲ್ಲಿ ಹಳಿ ಮೇಲೆ ನೀರು ನಿಂತು ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ವಾರ, ಚೌತಿಯ ವಾರ, ಮಾರ್ಚ್ ಕೊನೆಯ ಆಫೀಸಿನ ವಾರ. ಆ ವಾರಗಳಲ್ಲೂ ಕೈಗೂಡುವಷ್ಟೇ ನಿಮ್ಮ ವೇಳಾಪಟ್ಟಿ. ಮೊದಲ ತಿಂಗಳ ಹುಮ್ಮಸ್ಸಿನಲ್ಲಿ ಹನ್ನೆರಡು ಪೋಸ್ಟ್ ಹಾಕಿ ಮೂರನೇ ತಿಂಗಳಿಗೆ ನಿಂತುಹೋದ ಬ್ಲಾಗುಗಳಿಗೆ ಲೆಕ್ಕವಿಲ್ಲ.

ಮೊದಲನೆಯದನ್ನು ಪ್ರಕಟಿಸುವ ಮುನ್ನ ಐದು ಬರಹ ಪೂರ್ತಿ ಮುಗಿಸಿಡಿ. ಹದಿನೈದು ದಿನಕ್ಕೊಂದರ ಲೆಕ್ಕದಲ್ಲಿ ಅದು ಎರಡೂವರೆ ತಿಂಗಳ ದಾಸ್ತಾನು. ಬ್ಲಾಗರ್‌ನಲ್ಲಿ ದಿನಾಂಕ, ಸಮಯ ಕೊಟ್ಟು ಶೆಡ್ಯೂಲ್ ಮಾಡಬಹುದು. ದಾಸ್ತಾನು ಎರಡಕ್ಕೆ ಇಳಿದರೆ ಅಂತರ ಹೆಚ್ಚಿಸಿ, ಅವಸರದಲ್ಲಿ ತೇಪೆ ಹಾಕಬೇಡಿ.

ಎಂಟುನೂರು ಪದದ ಬರಹಕ್ಕೆ ಚಿತ್ರ, ವಿಳಾಸ, ಕಾಗುಣಿತ ಎಲ್ಲ ಸೇರಿ ನಾಲ್ಕೈದು ಗಂಟೆ ಹಿಡಿಯುತ್ತದೆ. ಒಂದೇ ಭಾನುವಾರ ಕೂತು ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ಲೋಕಲ್‌ನಲ್ಲಿ ಟಿಪ್ಪಣಿ ಮತ್ತು ಒರಟು ಕರಡು ಮಾತ್ರ. ತಿದ್ದುವುದು ಭಾನುವಾರ, ದೊಡ್ಡ ಪರದೆಯಲ್ಲಿ. ಕರಡನ್ನು ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಿಕೊಂಡು ಬರೆಯಿರಿ. ಬ್ಲಾಗರ್‌ನ ಪೆಟ್ಟಿಗೆಯಲ್ಲೇ ಬರೆಯುತ್ತಾ ಕೂತರೆ ನಡುದಾರಿಯಲ್ಲಿ ನೆಟ್‌ವರ್ಕ್ ಹೋದಾಗ ಕೊನೆಯ ಪ್ಯಾರಾ ಉಳಿದಿರುತ್ತದೆಂಬ ಖಾತ್ರಿಯಿಲ್ಲ. ಡಾಕ್ಸ್‌ನಿಂದ ತಂದು ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಿ. ಬರೀ ಕಂಟ್ರೋಲ್, ವಿ ಒತ್ತಿದರೆ ಡಾಕ್ಸ್‌ನ ಫಾಂಟು, ಗಾತ್ರ, ಬಣ್ಣ ಎಲ್ಲ ಜೊತೆಗೇ ಬಂದು ಒಂದು ಪ್ಯಾರಾ ದೊಡ್ಡದು, ಇನ್ನೊಂದು ಸಣ್ಣದು ಕಾಣುತ್ತದೆ.

ಕಗಪ ಕೀಲಿಮಣೆ:

ಕನ್ನಡ ಬ್ಲಾಗಿಗೇ ಅಂಟಿಕೊಂಡಿರುವ ಕೆಲವು ತಾಪತ್ರಯಗಳಿವೆ, ಶುರುವಿನಲ್ಲೇ ಅಭ್ಯಾಸ ಮಾಡಿಕೊಂಡರೆ ಆಮೇಲೆ ನೂರು ಪೋಸ್ಟ್ ತಿದ್ದುವ ಕೆಲಸ ತಪ್ಪುತ್ತದೆ.

ಮೊದಲನೆಯದು ಕೊಂಡಿ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ತಾನಾಗಿ ‘ಬ್ಲಾಗ್-ಪೋಸ್ಟ್’ ಎಂಬ ವಿಳಾಸ ಕೊಡುತ್ತದೆ, ಮುಂದಿನದಕ್ಕೆ ಬಾಲದಲ್ಲಿ ಒಂದು ಸಂಖ್ಯೆ. ಯಾವ ಕೊಂಡಿ ಯಾವ ಬರಹದ್ದು ಎಂದು ನಿಮಗೇ ತಿಳಿಯುವುದಿಲ್ಲ. ಪ್ರಕಟಿಸುವ ಮುನ್ನ ಬಲಬದಿಯ ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಪದ ಹಾಕಿ, ನಡುವೆ ಅಡ್ಡಗೆರೆ ಕೊಡಿ. ಒಮ್ಮೆ ಹಂಚಿದ ಮೇಲೆ ಬದಲಿಸಿದರೆ ಹಳೆಯ ಕೊಂಡಿ ಸತ್ತ ಹಾಗೆ. ಮುಂದೆ ವರ್ಡ್‌ಪ್ರೆಸ್‌ಗೆ ಹೋದರೆ ಕಾಟ ಬೇರೆ ಥರ: ಅಲ್ಲಿ ಕನ್ನಡ ಕೊಂಡಿ ಬರುತ್ತದೆ, ಆದರೆ ಒಂದೊಂದು ಸಂಕೇತಕ್ಕೂ ಶೇಕಡಾ ಚಿಹ್ನೆ ಸೇರಿದ ಒಂಬತ್ತು ಅಕ್ಷರ ಬೇಕು, ಮಿತಿ 200. ಇಪ್ಪತ್ತೆರಡನೆಯ ಸಂಕೇತದ ಹೊತ್ತಿಗೆ ಶೀರ್ಷಿಕೆ ತುಂಡಾಗುತ್ತದೆ. ಗುಣಿತ, ಒತ್ತು ಕೂಡ ಈ ಎಣಿಕೆಯಲ್ಲಿ ಸೇರುವುದರಿಂದ ಕೈಗೆ ಸಿಗುವುದು ಎರಡು ಮೂರು ಪದ ಅಷ್ಟೆ. ವಾಟ್ಸಾಪ್‌ನಲ್ಲಿ ಅದು ಶೇಕಡಾ ಚಿಹ್ನೆಗಳ ಮೆರವಣಿಗೆಯಾಗಿ ಬಂದರೆ ಜನ ವೈರಸ್ ಇರಬೇಕೆಂದು ಒತ್ತುವುದೇ ಇಲ್ಲ.

ಸಂಘಗಳಿಂದ ಹಳೆಯ ಸ್ಮರಣಸಂಚಿಕೆಯ ಫೈಲು ಸಿಕ್ಕಿದರೆ ಅದು ಹೆಚ್ಚಾಗಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತದೆ, ಯೂನಿಕೋಡ್ ಅಲ್ಲ. ಹಾಗೇ ಅಂಟಿಸಿದರೆ ಚಿತ್ರವಿಚಿತ್ರ ರೋಮನ್ ಅಕ್ಷರ ಬರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕ ಎಡವುವುದು ಅಲ್ಲೇ.

‘ಲೋಕಲ್‌ನಲ್ಲಿ’ ಎಂದು ಬರೆಯುವಾಗ ಲ್ ಆದ ಮೇಲೆ ಕಾಣದ ಒಂದು ಸಂಕೇತ (ZWNJ) ಇರುತ್ತದೆ. ಅದಿಲ್ಲದಿದ್ದರೆ ‘ಲೋಕಲ್ನಲ್ಲಿ’ ಎಂದು ನ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿಟ್ಟುಕೊಳ್ಳಿ. ಇಂಗ್ಲಿಷ್ ಪದ ತುಂಬಿದ ಮುಂಬೈ ಬರಹದಲ್ಲಿ ಸಾಲಿಗೊಮ್ಮೆ ಬೇಕಾಗುತ್ತದೆ.

ಇನ್ನು ಸಾಲಿನ ಎತ್ತರ. ಬ್ಲಾಗರ್ ಥೀಮುಗಳು ರೋಮನ್ ಲಿಪಿಗೆ ಹೊಂದಿಸಿದವು. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಥೀಮಿನ ಸಿಎಸ್‌ಎಸ್‌ನಲ್ಲಿ (ಪುಟದ ನೋಟ ನಿರ್ಧರಿಸುವ ಸಾಲುಗಳು) ಸಾಲಿನ ಎತ್ತರವನ್ನು 1.7 ಅಥವಾ 1.8 ಮಾಡಿ, ಅಕ್ಷರ 18 ಪಿಕ್ಸೆಲ್ ಇಡಿ. ನಿಮ್ಮ ಓದುಗರಲ್ಲಿ ಅರ್ಧಕ್ಕರ್ಧ ಚಾಳೀಸು ದಾಟಿದವರು.

ಪುಣೆ ಪುಟ:

ಈಗ ನಿರೀಕ್ಷೆಯ ಮಾತು. ಮೂರು ತಿಂಗಳಲ್ಲಿ ದುಡ್ಡು ಎಂಬುದು ವಿಡಿಯೋ ಮಾಡಿದವರಿಗೆ ಬಂದಿರಬಹುದು! ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್‌ನಲ್ಲಿ 10 ಡಾಲರ್ ಆದ ಮೇಲೆ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ. ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಒಂದು ಪೈಸೆ ಬರುವುದಿಲ್ಲ. ಒಂದು ಊರಿನ ಒಂದು ಭಾಷೆಯವರಿಗೆ ಬರೆಯುವ ಬ್ಲಾಗು ಆ 100 ಮುಟ್ಟಲು ವರ್ಷಗಳೇ ಬೇಕಾಗಬಹುದು. ಸೋದರಮಾವ, ಚಿಕ್ಕಮ್ಮ ಎಲ್ಲರಿಗೂ ಜಾಹೀರಾತು ಒತ್ತಲು ಹೇಳಿದಿರೋ, ಗೂಗಲ್ ನಿಮ್ಮ ಆಡ್‌ಸೆನ್ಸ್ ಖಾತೆಯನ್ನೇ ಮುಚ್ಚಬಹುದು. ಮೊದಲ ವರ್ಷ ಜಾಹೀರಾತು ಹಾಕದಿರುವುದೇ ವಾಸಿ, ಪುಟವೂ ಬೇಗ ತೆರೆಯುತ್ತದೆ.

ಬ್ಲಾಗರ್‌ನ ಅಂಕಿಅಂಶ ಪುಟವನ್ನು ಪೂರ್ತಿ ನಂಬಬೇಡಿ. ಅದು ಬಾಟ್‌ಗಳನ್ನೂ (ತಾವಾಗಿ ಪುಟ ತೆರೆಯುವ ಪ್ರೋಗ್ರಾಂಗಳನ್ನೂ) ಎಣಿಸುತ್ತದೆ. ಸಂಬಂಧವೇ ಇಲ್ಲದ ದೇಶದಿಂದ ಒಂದೇ ರಾತ್ರಿ ಮುನ್ನೂರು ವೀಕ್ಷಣೆ ಬಂದರೆ ಅಲ್ಲಿ ಕನ್ನಡ ಸಂಘ ಹುಟ್ಟಿತೆಂದು ಸಂಭ್ರಮಿಸಬೇಡಿ. ನಿಮ್ಮದೇ ಭೇಟಿಗಳನ್ನು ಎಣಿಸದಂತೆ ಅಲ್ಲೇ ಒಂದು ಆಯ್ಕೆಯಿದೆ, ಅದನ್ನು ಆನ್ ಮಾಡಿ. ನಿಜ ಗೊತ್ತಾಗುವುದು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ. ಅಲ್ಲಿ ಬ್ಲಾಗ್ ಸೇರಿಸಿ ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಡಿ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು ಎಂಬುದು 16 ತಿಂಗಳಿನಷ್ಟು ಉಳಿಯುತ್ತದೆ. ದಿನವೂ ನೋಡುವ ಚಟ ಬೇಡ, ತಿಂಗಳಿಗೊಮ್ಮೆ ಸಾಕು. ಆರು ತಿಂಗಳವರೆಗೆ ಹುಡುಕಾಟದಿಂದ ಬರುವವರು ಬೆರಳೆಣಿಕೆಯಷ್ಟೇ ಇದ್ದರೆ ಅದು ಸಹಜ.

ಅಲ್ಲಿಯವರೆಗೆ ಓದುಗರು ಬರುವುದು ವಾಟ್ಸಾಪ್ ಗುಂಪಿನಿಂದ. ಪೂರ್ತಿ ಬರಹ ಹಾಕಬೇಡಿ, ನಿಮ್ಮ ಹೆಸರು ಕಳಚಿ ಅದು ಡೊಂಬಿವಲಿಯಿಂದ ದುಬೈವರೆಗೆ ಓಡುತ್ತದೆ. ಮೂರು ಸಾಲು ಮತ್ತು ಕೊಂಡಿ. ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, 150 ಕೆಬಿಯೊಳಗೆ ತನ್ನಿ. ಮೊಬೈಲಿನ 5 ಎಂಬಿ ಫೋಟೋ ಹಾಗೇ ಏರಿಸಿದರೆ ಪುಟ ತೆವಳಬಹುದು.

ಒಂದು ವಿಷಯದಲ್ಲಿ ವಡಾಲಾದವರ ಮಾತು ಒಪ್ಪಲಾರೆ. ಕಾರ್ಯಕ್ರಮದ ಬರಹಕ್ಕೆ ಸಮ ಅಂತರ ನಡೆಯುವುದಿಲ್ಲ. ಊರಿನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ಮುಂಬೈಗೆ ಬರುತ್ತಾರೆ. ಅದರ ಬರಹ ಜೂನ್ ಮೊದಲ ವಾರವೇ ಪ್ರಕಟವಾಗಿರಬೇಕು, ಆಗಸ್ಟ್‌ನಲ್ಲಿ ಹಾಕಿದರೆ ಗೂಗಲ್ ಎತ್ತಿ ತೋರಿಸುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ.

ಡೊಂಬಿವಲಿ ಫಾಸ್ಟ್:

ತುಂಬಾ ಉಪಕಾರವಾಯಿತು. ಡೊಮೇನ್ ಪ್ರಶ್ನೆ ಉಳಿಯಿತು. ಮತ್ತೆ, ಮೊದಲ ಬರಹ ‘ಮುಂಬೈ ಕನ್ನಡಿಗರ ಇತಿಹಾಸ’ ಎಂದು ಯೋಚಿಸಿದ್ದೇನೆ, ಸರಿಯೇ?

ಕಿಂಗ್ಸ್ ಸರ್ಕಲ್ ಕಟ್ಟೆ:

ಅಯ್ಯೋ ಮಾರಾಯ್ರೆ, ಅದು ಪಿಎಚ್‌ಡಿಗೆ ಆಗುವ ವಿಷಯ! ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ, ಅದನ್ನು ಅವರು ನೋಡಿಕೊಳ್ಳುತ್ತಾರೆ. ಒಬ್ಬ ಮನುಷ್ಯನ ಒಂದು ಪ್ರಶ್ನೆಗೆ ಉತ್ತರ ಕೊಡುವ ಬರಹದಿಂದ ಶುರು ಮಾಡಿ. ಉದಾಹರಣೆಗೆ, ಮಾಟುಂಗಾ ಕಡೆ ನಾಟಕಕ್ಕೆ ಹೊರಟವರು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು? ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು, ಕಿಂಗ್ಸ್ ಸರ್ಕಲ್ ಹಾರ್ಬರ್‌ನದು. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಪೂರ್ವಕ್ಕೆ, ಕರ್ನಾಟಕ ಸಂಘ ಪಶ್ಚಿಮಕ್ಕೆ ಮಾಹಿಮ್ ಕಡೆ. ಹೊಸಬರು ಒಂದರ ಬದಲು ಇನ್ನೊಂದರಲ್ಲಿ ಇಳಿದು ಮೊದಲ ಅಂಕ ತಪ್ಪಿಸಿಕೊಳ್ಳುತ್ತಾರೆ. ಯಾವ ಸೇತುವೆ ಹತ್ತಬೇಕು, ಯಾವ ತಿರುವು, ನಡೆದರೆ ಎಷ್ಟು ನಿಮಿಷ, ಆಟ ಮುಗಿದ ಮೇಲೆ ಡೊಂಬಿವಲಿಗೆ ಕೊನೆಯ ಗಾಡಿ ಎಷ್ಟು ಹೊತ್ತಿಗೆ. ಇಷ್ಟನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬರೆದರೆ ಆರುನೂರು ಪದವಾಯಿತು. ಶೀರ್ಷಿಕೆಯಲ್ಲಿ ಜಾಗದ ಹೆಸರಿರಲಿ. ‘ಒಂದು ಸಂಜೆಯ ಪಯಣ’ ಎಂದೆಲ್ಲ ಇಟ್ಟರೆ ಯಾರೂ ಹುಡುಕುವುದಿಲ್ಲ. ಗಾಡಿಯ ಸಮಯ ಬದಲಾಗುತ್ತದೆ, ಆದ್ದರಿಂದ ಕೊನೆಗೆ ‘ಇಂಥ ತಿಂಗಳಲ್ಲಿ ಪರಿಶೀಲಿಸಿದ್ದು’ ಎಂದು ಹಾಕಿ, ವರ್ಷಕ್ಕೆರಡು ಸಲ ತಿದ್ದಿ.

ಡೊಮೇನ್‌ಗೆ ಅವಸರವಿಲ್ಲ. ಹತ್ತು ಬರಹ ಆದ ಮೇಲೆ ಕೊಂಡು ಬ್ಲಾಗರ್‌ಗೆ ಜೋಡಿಸಿದರೂ ಹಳೆಯ ಬ್ಲಾಗ್‌ಸ್ಪಾಟ್ ಕೊಂಡಿಗಳು ತಾವಾಗಿ ಹೊಸ ವಿಳಾಸಕ್ಕೆ ಹೋಗುತ್ತವೆ. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ನವೀಕರಣದ ದರ ನೋಡಿ. ಕಟ್ಟಲು ಮರೆತರೆ ಬೇರೆಯವರು ಎತ್ತಿಕೊಂಡು ಜೂಜಿನ ಪುಟ ಹಾಕುತ್ತಾರೆ, ನೀವು ಹಂಚಿದ ಕೊಂಡಿಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಇಮೇಲನ್ನೂ ಅಡ್ಮಿನ್ ಮಾಡಿಡಿ, ಒಂದು ಖಾತೆ ಲಾಕ್ ಆದರೂ ಬ್ಲಾಗು ಕೈತಪ್ಪುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿಕೊಳ್ಳಿ. ಅದರಲ್ಲಿ ಬರಹ, ಕಮೆಂಟು ಬರುತ್ತವೆ, ಚಿತ್ರಗಳಿಗೆ ಬೇರೆ ಫೋಲ್ಡರ್ ಇಟ್ಟುಕೊಳ್ಳಿ.