ಬೇಲಿಗೆ ಓತಿಕ್ಯಾತ ಸಾಕ್ಷಿ

"ಇಷ್ಟೇನಾ?" ಎಂದ ಸೀನ.

ಮೆಕ್ಸಿಕೋದ ತುಲುಂ, ಸಮುದ್ರದಂಚಿನ ಹಳೆಯ ಮಾಯಾ ಊರಿನ ಅವಶೇಷ. ಗೋಡೆಯ ಕಿರಿದಾದ ಬಾಗಿಲಲ್ಲಿ ತೂರಿಕೊಂಡು ನಾವು ಒಳಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ. ಎದುರಿಗೆ ಎಲ್ ಕಾಸ್ತಿಯೊ ಎಂಬ ಕಲ್ಲಿನ ಗುಡಿ, ಎತ್ತರ ಸುಮಾರು 7.5 ಮೀಟರ್.

"ನಮ್ಮನೆ ನೀರಿನ ಟ್ಯಾಂಕು ಇದಕ್ಕಿಂತ ಮೇಲಿದೆ ಕಣೋ. ಇದಕ್ಕೆ ಕಾನ್‌ಕೂನ್‌ನಿಂದ ಎರಡು ಗಂಟೆ ಬಸ್ಸಾ?"

"ಪೆದ್ದ, ಇದು ನಿನಗಾಗಿ ಕಟ್ಟಿದ್ದಲ್ಲ, ದೋಣಿಯವನಿಗಾಗಿ" ಎಂದಳು ಪದ್ಮ. "ಕೆಳಗೆ 12 ಮೀಟರ್ ಬಂಡೆ ಇದೆ. ಸಮುದ್ರದಿಂದ ನೋಡಿದರೆ ಲೆಕ್ಕವೇ ಬೇರೆ. ಅಲ್ಲಿ ಅಲೆ ಬೆಳ್ಳಗೆ ಒಡೀತಿದೆಯಲ್ಲ, ಅದು ಹವಳದ ದಿಬ್ಬ. ಅದರಲ್ಲೊಂದು ಕಿಂಡಿ ಇದೆ. ರಾತ್ರಿ ಈ ಕಿಟಕಿಗಳಲ್ಲಿ ದೀಪ ಇಟ್ಟು, ಕಿಂಡಿಗೆ ದಾರಿ ತೋರಿಸುತ್ತಿದ್ದರು ಅಂತಾರೆ."

"ಅಂದ್ರೆ ದೇವಸ್ಥಾನ ಅಲ್ಲ, ಸಿಗ್ನಲ್ಲು."

"ಎರಡೂ ಆಗಬಾರದಾ?"

ಸೀನ ಸೋಲುವವನಲ್ಲ. ಪಕ್ಕದ ಸಣ್ಣ ಗುಡಿಯ ಬಾಗಿಲ ಮೇಲೆ ಗಾರೆಯ ದೇವರೊಬ್ಬ ಇದ್ದಾನೆ. ಕಾಲು ಮೇಲೆ, ತಲೆ ಕೆಳಗೆ. ಮುಖ ಸರಿಯಾಗಿ ನೋಡಬೇಕೆಂದು ಇವನು ಸೊಂಟ ಬಗ್ಗಿಸಿ ತನ್ನ ತಲೆಯನ್ನೂ ಕೆಳಗೆ ಮಾಡಿದ. ಜೇಬಿನಿಂದ ಫೋನು, ಕನ್ನಡಕ, ಚಕ್ಕುಲಿ ಚೂರು ಎಲ್ಲವೂ ಉದುರಿದವು.

"ಕೆಲವರು ಇವನನ್ನ ಜೇನಿನ ದೇವರು ಅಂತಾರೆ" ಎಂದಳು ಪದ್ಮ, ಚಕ್ಕುಲಿ ಕಡೆ ನೋಡದೆ. "ಮಾಯಾ ಜನ ಮುಳ್ಳಿಲ್ಲದ ಜೇನು ಸಾಕುತ್ತಾರೆ. ಮರದ ಪೊಟರೆಯಲ್ಲಿ."

"ಮುಜಂಟಿ!" ಸೀನ ನೆಟ್ಟಗಾದ. ಊರು ತೀರ್ಥಹಳ್ಳಿ ಕಡೆ. "ನಮ್ಮಜ್ಜ ಮಡಕೇಲಿ ಸಾಕಿದ್ರು. ವರ್ಷಕ್ಕೆ ಒಂದು ಕುಡಿಕೆ ತುಪ್ಪ. ಕೆಮ್ಮಿಗೆ ಮಾತ್ರ. ದೋಸೆಗೆ ಕೇಳಿದರೆ ಏಟು." ಆಮೇಲೆ ದೇವರಿಗೆ ಕೈ ಮುಗಿದ. ಅಲ್ಲಿಂದ ಮುಂದೆ ತುಲುಂ ಅವನ ಅಜ್ಜನ ಆಸ್ತಿ.

ಬಿಸಿಲು ಏರಿತು. ನೆರಳು ಅನ್ನುವುದು ಅಲ್ಲಿ ಸಾಸಿವೆಯಷ್ಟು. ಸೀನ ಹಗ್ಗ ದಾಟಿ ಕಾಸ್ತಿಯೊ ಮೆಟ್ಟಿಲ ಕಡೆ ಒಂದು ಕಾಲು ಇಟ್ಟ. ಪೀಪೀ ಅಂತ ಸೀಟಿ ಊದಿತು. ಕಾವಲುಗಾರ ಬೆರಳಾಡಿಸಿದ.

"1842ರಲ್ಲಿ ಸ್ಟೀಫನ್ಸ್, ಕ್ಯಾದರ್‌ವುಡ್ ಅನ್ನೋ ಅನ್ವೇಷಕರು ಇದರೊಳಗೇ ಮಲಗಿದ್ದರಂತೆ. ಆಗ ಯಾರೂ ಸೀಟಿ ಊದಲಿಲ್ವಾ?" ಎಂದೆ ನಾನು.

"ಸೊಳ್ಳೆ ಊದಿತು. ಅದರ ಕಾಟಕ್ಕೇ ಜಾಗ ಬಿಟ್ಟರು" ಎಂದಳು ಪದ್ಮ.

"ಹಾಗಾದರೆ ಅದು?" ಸೀನನ ದನಿಯಲ್ಲಿ ನಿಜವಾದ ಸಂಕಟ. ಮೂರನೇ ಮೆಟ್ಟಿಲ ಮೇಲೆ ಮೊಳದುದ್ದದ ಇಗುವಾನ ಹಲ್ಲಿ ಹೊಟ್ಟೆ ಚಾಚಿ ಮಲಗಿತ್ತು. ಬೆನ್ನ ಮೇಲೆ ಗರಗಸದಂಥ ಮುಳ್ಳು, ಗದ್ದದ ಕೆಳಗೆ ಜೋಲು ಚರ್ಮ, ಅರ್ಧ ಮುಚ್ಚಿದ ಕಣ್ಣು. "ಅದಕ್ಕೆ ಟಿಕೆಟ್ ಇದೆಯಾ?"

"ಮಾಯಾ ಭಾಷೆಯಲ್ಲಿ ತುಲುಂ ಅಂದ್ರೆ ಏನು ಗೊತ್ತಾ? ಗೋಡೆ, ಬೇಲಿ. ಬೇಲಿ ಇದ್ದ ಮೇಲೆ ಓತಿಕ್ಯಾತ ಇರಲೇಬೇಕಲ್ವಾ?" ಎಂದಳು ಪದ್ಮ.

ಇಗುವಾನ ಹೌದು ಹೌದು ಎನ್ನುವಂತೆ ತಲೆ ಕುಣಿಸಿತು. ಸೀನ ಅದಕ್ಕೂ ಕೈ ಮುಗಿದ.