2.2 ಅಂದ್ರೆ ಎರಡನೇ ದರ್ಜೆಯ ಸೈಕಲ್ ರೇಸಾ? ಈ ಪಾಯಿಂಟ್ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ಬಾಡಿಗೆ_ಸೈಕಲ್ ಕೇಳಿದ್ದು:

ಜನವರಿಯಲ್ಲಿ ಪುಣೆಗೆ ಹೋಗಿದ್ದೆ, ಅಕ್ಕನ ಮನೆಗೆ. ಆಗ ಪುಣೆ ಗ್ರ್ಯಾಂಡ್ ಟೂರ್ ನಡೆಯುತ್ತಿತ್ತು. ಅಕ್ಕನ ಮಗ ಹಟ ಮಾಡಿದ ಅಂತ ರಸ್ತೆ ಬದಿಯಲ್ಲಿ ಒಂದೂವರೆ ಗಂಟೆ ನಿಂತೆವು. ಇಡೀ ಗುಂಪು ನಮ್ಮ ಮುಂದೆ ಹಾದು ಹೋಗಿದ್ದು ಅರ್ಧ ನಿಮಿಷ. ಜೇನುಹುಳ ಎದ್ದ ಹಾಗೆ ಚೈನಿನ ಸದ್ದು, ಒಂದು ಬೀಸು ಗಾಳಿ, ಅಷ್ಟೇ. ಹುಡುಗ ಮನೆಗೆ ಬಂದ, ನನಗೆ ಹುಚ್ಚು ಹಿಡಿಯಿತು.

ಆದರೆ ವೇಳಾಪಟ್ಟಿ ನೋಡಿದರೆ ರೇಸಿನ ಹೆಸರಿನ ಪಕ್ಕ 2.2 ಅಂತ ಇದೆ. ಆಫೀಸಿನಲ್ಲಿ ಒಬ್ಬ ಗೆಳೆಯ, "ಎರಡನೇ ದರ್ಜೆಯಲ್ಲೂ ಎರಡನೇ ದರ್ಜೆ ಅದು, ಗೆದ್ದರೆ 40 ಪಾಯಿಂಟು" ಅಂತ ನಕ್ಕ. ಟೂರ್ ಡಿ ಫ್ರಾನ್ಸ್ ಗೆದ್ದರೆ 1300 ಅಂತೆ. ಹಾಗಾದರೆ ಏಷ್ಯಾ ಟೂರ್, ಆಫ್ರಿಕಾ ಟೂರ್ ಅಂತೆಲ್ಲ ರ‍್ಯಾಂಕಿಂಗ್ ಇಟ್ಟಿರುವುದು ಸುಮ್ನೆ ಸಮಾಧಾನಕ್ಕಾ?

ಗುಡ್ಡದ_ಗೇರ್:

ಮೊದಲ ಅಂಕೆ ದರ್ಜೆ ಅಲ್ಲ. 1 ಅಂದ್ರೆ ಒಂದೇ ದಿನದ ರೇಸ್, 2 ಅಂದ್ರೆ ಹಲವು ದಿನದ ಸ್ಟೇಜ್ ರೇಸ್ (ಒಂದೊಂದು ದಿನದ ಓಟ ಒಂದೊಂದು ಸ್ಟೇಜ್). ಚುಕ್ಕಿ ಆದಮೇಲೆ ಬರುವುದು ದರ್ಜೆ. ಹಾಗಾಗಿ ಪುಣೆಯದು ಒಂದೇ ಸಲ ಎರಡನೇ ದರ್ಜೆ, ಎರಡು ಸಲ ಅಲ್ಲ. ನಿಮ್ಮ ಗೆಳೆಯನಿಗೆ ಹೇಳಿ 🙂

ಹಳೇ_ಹರ್ಕ್ಯುಲಿಸ್:

ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ವಿಜಯಪುರದ ಕಡೆಯವನು. ನಮ್ಮಲ್ಲಿ ಕ್ರಿಕೆಟ್ ಬ್ಯಾಟಿಗಿಂತ ಮೊದಲು ಸೈಕಲ್ ಹಿಡಿದ ಹುಡುಗರು ಇದ್ದಾರೆ. ನಾನೂ ಮೂರು ವರ್ಷ ಜಿಲ್ಲಾ ರೇಸಿನಲ್ಲಿ ತುಳಿದೆ. ಒಂದು ಸ್ಟೀಲ್ ಕೊಡ ಬಂತು. ಅವ್ವ ಇವತ್ತಿಗೂ ಅದರಲ್ಲೇ ನೀರು ತುಂಬುತ್ತಾಳೆ. ಈಗ ಧಾರವಾಡದಲ್ಲಿ ಬ್ಯಾಂಕಿನ ಕೆಲಸ. ಅಂಕಿ ನೋಡುವ ಚಟ ಅಲ್ಲಿಂದ ಬಂತೋ ಏನೋ, ರೇಸಿನ ಪಾಯಿಂಟುಗಳಿಗೆ ಒಂದು ನೋಟ್‌ಬುಕ್ಕೇ ಇಟ್ಟಿದ್ದೇನೆ.

ಸೈಕ್ಲಿಂಗಿನ ವಿಶ್ವ ಸಂಸ್ಥೆ ಯುಸಿಐ ಈ ಖಂಡದ ಸರ್ಕ್ಯೂಟ್‌ಗಳನ್ನು, ಅಂದರೆ ಖಂಡಕ್ಕೊಂದು ರೇಸುಗಳ ಸರಣಿಯನ್ನು, 2005ರಲ್ಲಿ ಶುರು ಮಾಡಿತು. ಯುರೋಪ್, ಅಮೆರಿಕ, ಏಷ್ಯಾ, ಆಫ್ರಿಕಾ, ಓಷಿಯಾನಿಯಾ, ಒಟ್ಟು ಐದು. ಸಮಾಧಾನಕ್ಕೆ ಅಂತ ನೀವು ಕೇಳಿದಿರಿ. ಮೆಹ್ದಿ ಸೊಹ್ರಾಬಿ ಹೆಸರು ಕೇಳಿದ್ದೀರಾ? ಇರಾನಿನವನು. 2011ರಲ್ಲಿ ಏಷ್ಯಾ ಟೂರ್ ರ‍್ಯಾಂಕಿಂಗಿನಲ್ಲಿ ಮೊದಲಿಗ. ಮರುವರ್ಷ ಬೆಲ್ಜಿಯಂನ ಲೊಟ್ಟೊ ತಂಡ ಅವನನ್ನು ಕರೆಸಿಕೊಂಡಿತು. ಆಗ ವರ್ಲ್ಡ್ ಟೂರ್ ಅನ್ನುವ ಎಲ್ಲಕ್ಕಿಂತ ಮೇಲಿನ ದರ್ಜೆಯ ಲೈಸೆನ್ಸ್ ಸಿಗಲು ತಂಡದ ರೈಡರುಗಳ ಪಾಯಿಂಟ್ ಲೆಕ್ಕಕ್ಕೆ ಬರುತ್ತಿತ್ತು, ರೈಡರ್ ಜೊತೆ ಅವನ ಪಾಯಿಂಟೂ ಬರುತ್ತಿತ್ತು. ಅದೇ ಹೊತ್ತಿಗೆ ಫ್ರಾನ್ಸಿನ ಎಜಿ2ಆರ್ ಕೂಡ ಇನ್ನೊಬ್ಬ ಇರಾನಿ, ಅಮೀರ್ ಜರ್ಗರಿಯನ್ನು ತೆಗೆದುಕೊಂಡಿತು. ರಣಜಿ ಪ್ಲೇಟ್ ಗ್ರೂಪಿನಲ್ಲಿ ಜಾಸ್ತಿ ರನ್ ಹೊಡೆದವನನ್ನು ಐಪಿಎಲ್‌ಗೆ ತಂದು ಬೆಂಚಿನಲ್ಲಿ ಕೂರಿಸಿದ ಹಾಗೆ. 2013ಕ್ಕೆ ಸೊಹ್ರಾಬಿ ಲೊಟ್ಟೊದಲ್ಲಿ ಇರಲಿಲ್ಲ. ಅವನ ಕಾಲಿಗಿಂತ ಅವನ ಪಾಸ್‌ಬುಕ್ಕು ಅವರಿಗೆ ಬೇಕಾಗಿತ್ತು ಅಂತ ನನಗೆ ಆಗಲೇ ಅನ್ನಿಸಿತ್ತು.

ಅಂದರೆ ಪಾಯಿಂಟ್ ಅನ್ನುವುದು ಮಾರ್ಕ್ಸ್ ಕಾರ್ಡ್ ಅಲ್ಲ, ರೊಕ್ಕ. ಯಾರ ಕಿಸೆಯಲ್ಲಿ ಇದೆ ಅನ್ನುವುದರ ಮೇಲೆ ಅದರ ಬೆಲೆ.

2020ರಿಂದ 2022ರವರೆಗಿನ ಲೆಕ್ಕ ನೋಡಿ. ಮೂರು ವರ್ಷದ ಪಾಯಿಂಟ್ ಕೂಡಿಸಿ, 18ನೇ ಸ್ಥಾನಕ್ಕಿಂತ ಕೆಳಗಿದ್ದ ತಂಡಗಳು ವರ್ಲ್ಡ್ ಟೂರಿನಿಂದ ಹೊರಗೆ. ಆಗ ಟೂರ್ ಡಿ ಫ್ರಾನ್ಸಿನ ಒಂದು ಸ್ಟೇಜ್ ಗೆದ್ದರೆ 120 ಪಾಯಿಂಟ್. ಬೆಲ್ಜಿಯಂನದೋ ಫ್ರಾನ್ಸಿನದೋ ಒಂದು ಸಣ್ಣ 1.1 ರೇಸ್ ಗೆದ್ದರೆ 125! ನಾನು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದೆ, ತಪ್ಪು ಬರೆದೆನೇನೋ ಅಂತ. ತಪ್ಪಿರಲಿಲ್ಲ. 2023ರಲ್ಲಿ ಟೂರ್ ಸ್ಟೇಜಿಗೆ 210 ಮಾಡಿದರು. ತಂಡಕ್ಕೆ ಹತ್ತು ರೈಡರುಗಳ ಪಾಯಿಂಟ್ ಎಣಿಸುತ್ತಿದ್ದದ್ದನ್ನು ಇಪ್ಪತ್ತಕ್ಕೆ ಏರಿಸಿದರು.

ಆ 2022ರ ಅಕ್ಟೋಬರ್ ನನಗೆ ಮರೆಯುವುದಿಲ್ಲ. ಕೆಳಗೆ ಬೀಳುವ ಭಯದಲ್ಲಿ ವರ್ಷವಿಡೀ ಒದ್ದಾಡಿದ್ದ ಮೊವಿಸ್ಟಾರ್, ಇಎಫ್ ಎರಡೂ ತಂಡಗಳು ಮಲೇಷ್ಯಾದ ಟೂರ್ ಡಿ ಲಂಕಾವಿಗೆ ಬಂದವು. 1996ರಿಂದ ನಡೆಯುವ ರೇಸ್ ಅದು, ಈಗ 1.1, 2.1ಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರೊ ಸೀರೀಸ್ ದರ್ಜೆ. ಗೆದ್ದರೆ 200 ಪಾಯಿಂಟ್. ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿ ಮಧ್ಯಾಹ್ನ ಮುಗಿಯುವ ಸ್ಟೇಜು ನಮಗೆ ಊಟದ ಹೊತ್ತು. ಡಬ್ಬಿಯ ರೊಟ್ಟಿ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ಗೆಂಟಿಂಗ್ ಹೈಲ್ಯಾಂಡ್ಸ್ ಏರು ಅಂದರೆ ಆಗುಂಬೆ ಘಾಟಿಯನ್ನು ಒಂದರ ಮೇಲೊಂದು ಮೂರು ಸಲ ಪೇರಿಸಿದ ಹಾಗೆ. ಕೊನೆಗೆ ಮೊವಿಸ್ಟಾರಿನ ಇವಾನ್ ಸೋಸಾ ಮೊದಲು, ಇಎಫ್‌ನ ಹ್ಯೂ ಕಾರ್ತಿ ಎರಡನೆಯವನು. ಎರಡೂ ತಂಡ ಉಳಿದವು. ಲೊಟ್ಟೊ ಮತ್ತು ಇಸ್ರೇಲ್ ತಂಡ ಇಳಿದವು. ಹೌದು, ಸೊಹ್ರಾಬಿಯನ್ನು ಕರೆಸಿಕೊಂಡಿದ್ದ ಅದೇ ಲೊಟ್ಟೊ. ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಲ್ಯೂವೆನ್_ಕನ್ನಡತಿ:

ಹರ್ಕ್ಯುಲಿಸ್ ಸರ್, ನಿಮ್ಮ ಖುಷಿಗೆ ನನ್ನದೊಂದು ತಕರಾರು. ನಾನು ಒಂಬತ್ತು ವರ್ಷದಿಂದ ಬೆಲ್ಜಿಯಂನಲ್ಲಿ ಇದ್ದೇನೆ, ಲೊಟ್ಟೊ ನಮ್ಮ ಬೀದಿಯ ತಂಡ ಇದ್ದ ಹಾಗೆ. 2022ರಲ್ಲಿ ಅವರ ಮಾನ ಉಳಿಸಲು ನೋಡಿದ್ದು ಇಪ್ಪತ್ತು ವರ್ಷದ ಒಬ್ಬ ಹುಡುಗ, ಆರ್ನೋ ದ ಲೀ. ವೃತ್ತಿಪರನಾಗಿ ಮೊದಲ ವರ್ಷ, ಒಂಬತ್ತು ಗೆಲುವು. ಟೂರ್ ಡಿ ಫ್ರಾನ್ಸಿಗೆ ಹೋಗಲೇ ಇಲ್ಲ. ಅವನ ಪಾಯಿಂಟುಗಳೂ ತಂಡವನ್ನು ಉಳಿಸಲಿಲ್ಲ, ಪಾಪ.

ಮತ್ತೆ ನೀವು "ಸಣ್ಣ 1.1" ಅಂದಿರಲ್ಲ, ನಮ್ಮೂರಲ್ಲೇ ಒಂದಿದೆ. ಏಳು ಸಲ ಟ್ರ್ಯಾಕ್ ಸ್ಪ್ರಿಂಟಿನಲ್ಲಿ ವಿಶ್ವ ಚಾಂಪಿಯನ್ ಆದ ಜೆಫ್ ಶೆರೆನ್ಸ್ ಹೆಸರಿನಲ್ಲಿ. ಊರೊಳಗೇ ಸುತ್ತು ಹೊಡೆಯುತ್ತಾರೆ, ಒಂದೇ ತಿರುವಿನಲ್ಲಿ ನಿಂತರೂ ಎಷ್ಟೋ ಸಲ ನೋಡಬಹುದು. ಟಿಕೆಟ್ ಇಲ್ಲ. ಪಾಯಿಂಟಿನ ಗದ್ದಲ ಶುರುವಾದ ಮೇಲೆ ಇಂಥ ರೇಸಿಗೆ ದೊಡ್ಡ ತಂಡಗಳು ಮನಸ್ಸಿಟ್ಟು ಬರುತ್ತಿವೆ. ನೋಡುವ ನಮಗೆ ಲಾಭವೇ ಆಯಿತು.

ಹಳೇ_ಹರ್ಕ್ಯುಲಿಸ್:

ಮೇಡಂ, ದ ಲೀ ವಿಷಯದಲ್ಲಿ ಒಪ್ಪಿದೆ. ಆದರೆ ಲಾಭ ಎಲ್ಲರಿಗೂ ಅಲ್ಲ. ದೊಡ್ಡ ತಂಡ ಮನಸ್ಸಿಟ್ಟು ಬಂದ ಕಡೆ ಊರಿನ ಸಣ್ಣ ತಂಡದ ಹುಡುಗನಿಗೆ ಉಳಿಯುವುದು ಚೂರುಪಾರು. 2025ರಲ್ಲಿ ಅಸ್ತಾನಾ ತಂಡವನ್ನು ನೋಡಿ. ಪಟ್ಟಿಯ ತಳದಲ್ಲಿತ್ತು, ಇಳಿಯುವುದು ಖಚಿತ ಅಂತ ಎಲ್ಲರೂ ಬರೆದುಬಿಟ್ಟಿದ್ದರು. ಜನವರಿಯಿಂದಲೇ ಸಿಕ್ಕ ಸಿಕ್ಕ ರೇಸಿಗೆಲ್ಲ ಹೋಗಿ, ಒಬ್ಬ ಗೆದ್ದರೆ ಸಾಲದು ಅಂತ ಇಬ್ಬರು ಮೂವರನ್ನು ಮೊದಲ ಹತ್ತರೊಳಗೆ ತೂರಿಸಿತು. ಟರ್ಕಿ ಟೂರಿನಲ್ಲಿ ವೌಟ್ ಪೂಲ್ಸ್ ಮೊದಲು, ಅದೇ ತಂಡದ ಹೆರಾಲ್ಡ್ ಲೋಪೆಜ್ ಎರಡನೆಯವನು. ಹಾಗೆ ಉಳಿದುಕೊಂಡಿತು. ಬುದ್ಧಿವಂತಿಕೆ ಹೌದು. ನೋಡಲು ಮಾತ್ರ ಕಟಾವು ಆದ ಹೊಲದಲ್ಲಿ ಕಾಳು ಆರಿಸಿದ ಹಾಗಿತ್ತು.

ಇಲ್ಲೇ 2.2ರ ಬೆಲೆ ಇರುವುದು, ಬಾಡಿಗೆ ಅವರೇ. ಚುಕ್ಕಿ ಎರಡರ ರೇಸಿಗೆ ವರ್ಲ್ಡ್ ಟೂರ್ ತಂಡಗಳು ಬರುವ ಹಾಗೇ ಇಲ್ಲ. ಅಂಗಳ ಸಣ್ಣದು, ಆದರೆ ಹುಡುಗರದ್ದೇ.

ಬಾಡಿಗೆ_ಸೈಕಲ್:

ಅಯ್ಯೋ, ಇಷ್ಟೆಲ್ಲ ಇದೆಯಾ! ಆದರೆ ಅಂಥ ಸಣ್ಣ ರೇಸಿನಿಂದ ಯಾರಾದರೂ ನಿಜವಾಗಿ ಮೇಲೆ ಬಂದಿದ್ದಾರಾ, ಪಾಸ್‌ಬುಕ್ ಲೆಕ್ಕ ಬಿಟ್ಟು?

ಗುಡ್ಡದ_ಗೇರ್:

ಬಿನಿಯಮ್ ಗಿರ್ಮೇ. ಎರಿಟ್ರಿಯಾದವನು. 2019ರಲ್ಲಿ ಗ್ಯಾಬನ್ ದೇಶದ ಟ್ರಾಪಿಕಾಲ್ ಅಮಿಸ್ಸಾ ಬೊಂಗೊದಲ್ಲಿ, 18 ವರ್ಷದ ಹುಡುಗ, ಟೂರ್ ಡಿ ಫ್ರಾನ್ಸಿನಲ್ಲಿ 11 ಸ್ಟೇಜ್ ಗೆದ್ದಿದ್ದ ಆಂಡ್ರೆ ಗ್ರೈಪೆಲ್‌ನನ್ನು ಸ್ಪ್ರಿಂಟಿನಲ್ಲಿ ಹಿಂದೆ ಹಾಕಿದ. ಆಫ್ರಿಕಾ ಟೂರಿನ ರೇಸು ಅದು. 2024ರಲ್ಲಿ ಟೂರ್ ಡಿ ಫ್ರಾನ್ಸಿನಲ್ಲಿ ಮೂರು ಸ್ಟೇಜ್, ಜೊತೆಗೆ ಆ ರೇಸಿನೊಳಗಿನ ಸ್ಪ್ರಿಂಟ್ ಪಾಯಿಂಟಿನಲ್ಲಿ ಮೊದಲಿಗನಿಗೆ ಸಿಗುವ ಹಸಿರು ಜರ್ಸಿ.

ಹಳೇ_ಹರ್ಕ್ಯುಲಿಸ್:

ನಾನು ಬರೆಯಬೇಕು ಅಂತಿದ್ದೆ, ಗೇರ್ ಕಸಿದುಕೊಂಡರು. ಗ್ಯಾಬನ್ನಿನಲ್ಲಿ ಅವತ್ತು ಅವನಿಗೆ ಸಿಕ್ಕ ಪಾಯಿಂಟ್ ಹದಿನಾಲ್ಕು. 2.1ರ ಸ್ಟೇಜಿಗೆ ಅಷ್ಟೇ. ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಆಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

ಬಾಡಿಗೆ ಅವರೇ, ಅಕ್ಕನ ಮಗನಿಗೆ ವಯಸ್ಸೆಷ್ಟು?

ಬಾಡಿಗೆ_ಸೈಕಲ್:

ಹನ್ನೊಂದು ಸರ್. ಪುಣೆಯಿಂದ ನಿನ್ನೆ ಫೋನ್ ಮಾಡಿದ್ದ. ರಸ್ತೆ ಬದಿಯಲ್ಲಿ ಯಾರೋ ರೈಡರ್ ಎಸೆದ ನೀರಿನ ಬಾಟಲಿ ಹೆಕ್ಕಿಕೊಂಡಿದ್ದನಂತೆ, ನನಗೆ ಹೇಳಿರಲೇ ಇಲ್ಲ. ಅದರಲ್ಲೇ ಶಾಲೆಗೆ ನೀರು ತಗೊಂಡು ಹೋಗುತ್ತಿದ್ದಾನೆ.