ಕರೆಂಟ್ ಹೋದಾಗ ಮನೆಯ ಫೋನ್: ಲೈನ್ ಟೆಕ್ನಿಷಿಯನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ, ಮನೆಗೆ ಫೈಬರ್ ಜೊತೆ ಬರುವ ಇಂಟರ್ನೆಟ್ ಫೋನ್ ಸಾಕಾ, ಹಳೆ ಲ್ಯಾಂಡ್‌ಲೈನ್ ಕೂಡ ಇರಬೇಕಾ. ಉತ್ತರ ಕೊಡುವವರು ರಾಯಚೂರಿನ ನಮ್ಮ ಟೆಕ್ನಿಷಿಯನ್. ಮೊದಲು ಲ್ಯಾಂಡ್‌ಲೈನಿನ ತಾಮ್ರದ ಲೈನ್ ನೋಡಿಕೊಳ್ಳುತ್ತಿದ್ದರು, ಈಗ ಫೈಬರ್. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬಳ್ಳಾರಿ ಗಾಂಧಿನಗರ: ಸರ್, ಫೈಬರ್ ಬಂದಿದೆ. ಹಳೆ ಲ್ಯಾಂಡ್‌ಲೈನ್ ತೆಗೆಸಲಾ?

ಟೆಕ್ನಿಷಿಯನ್: ತಾಮ್ರದ ಲೈನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಕರೆಂಟ್ ಬರುತ್ತದೆ. ಅಲ್ಲಿ ಬ್ಯಾಟರಿ, ಜನರೇಟರ್ ಇರುತ್ತವೆ. ಅದಕ್ಕೇ ಓಣಿಗೆಲ್ಲ ಕರೆಂಟ್ ಹೋದರೂ ಆ ಫೋನ್ ನಡೆಯುತ್ತಿತ್ತು. ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ. ಕರೆಂಟ್ ನೀವೇ ಕೊಡಬೇಕು. ಮನೆಯಲ್ಲಿ ಇನ್ವರ್ಟರ್ ಇದೆಯಾ?

ಬಳ್ಳಾರಿ ಗಾಂಧಿನಗರ: ಇಲ್ಲ ಸರ್.

ಟೆಕ್ನಿಷಿಯನ್: ಹಾಗಾದರೆ ತೆಗೆಸಬೇಡಿ.

ಮಾನ್ವಿ: ಸರ್, ಹಳೆ ಲೈನ್ ಇಟ್ಕೊಳ್ಳಬೇಕಾ ತೆಗೆಸಬೇಕಾ?

ಟೆಕ್ನಿಷಿಯನ್: ಮೇಲೆ ಹೇಳಿದ್ದೇನೆ.

ಕಾರಟಗಿ: ನಮ್ಮ ರೈಸ್ ಮಿಲ್ ಆಫೀಸಿನಲ್ಲಿ ಫ್ಯಾಕ್ಸ್ ಇದೆ. ಫೈಬರ್ ಫೋನಿನಲ್ಲಿ ನಡೆಯುತ್ತಾ?

ಕುಷ್ಟಗಿ ಕಡೆಯವಳು: ಸರ್, ನಾನಿರುವುದು ಬೆಂಗಳೂರಲ್ಲಿ. ಅವ್ವ ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. 74 ವರ್ಷ, ಹಾರ್ಟಿನ ಗುಳಿಗೆ ನಡೆದಿದೆ. ಫೈಬರ್ ಡಬ್ಬಿಗೇ ಫೋನ್ ಹಾಕಿಕೊಟ್ಟಿದ್ದಾರೆ. ಹೋದ ವಾರ ರಾತ್ರಿ ಕರೆಂಟ್ ಹೋಯ್ತು. ಇನ್ವರ್ಟರ್ ಇದೆ, ಫ್ಯಾನ್ ತಿರುಗುತ್ತಿತ್ತಂತೆ. ಫೋನ್ ಮಾತ್ರ ಬಂದ್. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಬೆಳಗಾಗುವ ತನಕ ನನ್ನ ಜೀವ ಕೈಯಲ್ಲಿತ್ತು. ಲೈನಿನವರು "ನಮ್ಮ ಕಡೆ ಎಲ್ಲ ಸರಿ ಇದೆ" ಅಂದುಬಿಟ್ಟರು.

ಟೆಕ್ನಿಷಿಯನ್: ಅಕ್ಕಾ, ಡಬ್ಬಿಯ ಪ್ಲಗ್ ಯಾವ ಸಾಕೆಟ್‌ನಲ್ಲಿದೆ? ಫೋನಿಗೆ ಸುರುಳಿ ವೈರ್ ಇದೆಯಾ, ಕಾರ್ಡ್‌ಲೆಸ್ಸಾ?

ಕುಷ್ಟಗಿ ಕಡೆಯವಳು: ಟಿವಿ ಪಕ್ಕದ ಸಾಕೆಟ್. ಕಾರ್ಡ್‌ಲೆಸ್. ಅಡುಗೆಮನೆಗೂ ಒಯ್ಯಲಿ ಅಂತ ನಾನೇ ಕೊಡಿಸಿದ್ದು.

ಟೆಕ್ನಿಷಿಯನ್: ಎರಡು ಕಡೆ ಕೈಕೊಟ್ಟಿದೆ ಅನಿಸುತ್ತದೆ. ಇನ್ವರ್ಟರ್ ಹಾಕುವಾಗ ಲೈಟು, ಫ್ಯಾನಿಗೆ ಮಾತ್ರ ಲೈನ್ ಎಳೆದು ಟಿವಿ ಸಾಕೆಟ್ ಬಿಡುವುದು ಬಹಳ ಮನೆಗಳಲ್ಲಿ ಇದೆ. ಹಾಗಾಗಿ ಡಬ್ಬಿ ಆರಿತು. ಇನ್ನು ಕಾರ್ಡ್‌ಲೆಸ್ ಇಡುವ ಸ್ಟ್ಯಾಂಡಿಗೂ ಬೇರೆ ಕರೆಂಟ್ ಬೇಕು. ಡಬ್ಬಿ ಉಳಿದಿದ್ದರೂ ಆ ಫೋನ್ ಉಳಿಯುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟನ್ನು ಇನ್ವರ್ಟರ್ ಲೈನಿಗೆ ತರಿಸಿ. ಸುರುಳಿ ವೈರಿನ ಸಾದಾ ಫೋನ್ ತನ್ನಿ, ಅದಕ್ಕೆ ಡಬ್ಬಿಯಿಂದಲೇ ಕರೆಂಟ್ ಸಿಗುತ್ತದೆ. ಅವ್ವನ ಹಾಸಿಗೆ ಪಕ್ಕ ಇಡಿ. ಡಬ್ಬಿಗೆ ಒಂದು ಮಿನಿ ಯುಪಿಎಸ್, ಅಂದರೆ ಪುಟ್ಟ ಬ್ಯಾಟರಿ ಪೆಟ್ಟಿಗೆ, ಹಾಕಿ. ಇನ್ವರ್ಟರ್ ಇದ್ದಮೇಲೆ ಅದೇಕೆ ಅಂದರೆ, ಮೇನ್‌ನಿಂದ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಕೆಲವು ಡಬ್ಬಿ ಆರಿ ಮತ್ತೆ ಶುರುವಾಗುತ್ತವೆ. ಫೋನ್ ಬರಲು ಮತ್ತೆರಡು ನಿಮಿಷ. ಎದೆನೋವಿನಲ್ಲಿ ಎರಡು ನಿಮಿಷ ಕಡಿಮೆಯಲ್ಲ.

ಯುಪಿಎಸ್ ಮೇಲೆ 10,000 ಎಂಎಎಚ್ ಅಂತ ಬರೆದಿರುತ್ತಾರೆ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಡಬ್ಬಿ 10 ವ್ಯಾಟ್ ಎಳೆದರೆ ಸುಮಾರು ಮೂರು ಗಂಟೆ. ಇಡೀ ರಾತ್ರಿ ಬರುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ತಗಡಿನ ಮಾಡಿನ ಕೆಳಗೆ ಇಡಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ.

ಆಮೇಲೆ ಯಾರನ್ನಾದರೂ ಕಳಿಸಿ ಮನೆಯ ಮೇನ್ ಸ್ವಿಚ್ ಅರ್ಧ ಗಂಟೆ ಆಫ್ ಮಾಡಿಸಿ. ಅವ್ವನೇ ನಿಮಗೆ ಫೋನ್ ಮಾಡಲಿ. ಆಗ ನಡೆದು, ಊರಿಗೇ ಕರೆಂಟ್ ಹೋದಾಗ ನಡೆಯದಿದ್ದರೆ ತೊಂದರೆ ಲೈನಿನವರ ಕಡೆ ಇದೆ. ಅವರ ಬ್ಯಾಟರಿ ಬಗ್ಗೆ ಗಟ್ಟಿಯಾಗಿ ಕೇಳಿ. ಏನಾಯ್ತು ಅಂತ ನನಗೆ ತಿಳಿಸಿ, ಮರೀಬೇಡಿ.

ಗಂಗಾವತಿ: ಇಷ್ಟೆಲ್ಲ ಯಾಕೆ? ವಾಟ್ಸಾಪ್ ಕಾಲ್ ಸಾಕಲ್ವಾ.

ಟೆಕ್ನಿಷಿಯನ್: ವಾಟ್ಸಾಪಿನಿಂದ 108ಕ್ಕೆ ಹೋಗುವುದಿಲ್ಲ. 112ಕ್ಕೂ ಹೋಗುವುದಿಲ್ಲ.

ಸಿರುಗುಪ್ಪ: ಗಂಗಾವತಿಯವರೇ, ಅವ್ವನ ಮನೆಯಲ್ಲಿ ಸಿಗ್ನಲ್ಲೇ ಇಲ್ಲ ಅಂತ ಬರೆದಿದ್ದಾರೆ, ಓದಿದಿರಾ? ಟವರಿಗೂ ಬ್ಯಾಟರಿಯೇ ಗತಿ. ಬಹಳ ಹೊತ್ತು ಕರೆಂಟ್ ಇಲ್ಲದಿದ್ದರೆ ಅದೂ ಹೋಗುತ್ತದೆ.

ಗಂಗಾವತಿ: ಓದಿದೆ ರೀ. ಎಲ್ಲರ ಮನೆಯೂ ಹಾಗಿರುತ್ತಾ? ಬಳಸದ ಲೈನಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ ಕಟ್ಟಬೇಕು?

ಸಿರುಗುಪ್ಪ: ನಮ್ಮ ಅಪ್ಪನಿಗೆ ಮೊಬೈಲ್ ಒತ್ತಲು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಂದರೆ ಸಂತೋಷ.

ಗಂಗಾವತಿ: ಕಲಿಸಬೇಕು. ಕಲಿಸದೆ ಇಲ್ಲಿ ಜಗಳ ಮಾಡಿದರೆ?

ಅಡ್ಮಿನ್: ಇಬ್ಬರೂ ಸಾಕು.

ಲಿಂಗಸುಗೂರು: ಸರ್, ಇದು ಬಂದಿದೆ: "ರೌಟರ್ ವೈರ್ ಕತ್ತರಿಸಿ ನೇರ ಇನ್ವರ್ಟರ್ ಬ್ಯಾಟರಿಗೆ ಕೊಡಿ, ಎರಡೂ 12 ವೋಲ್ಟ್." ಮಾಡಬಹುದಾ?

ಟೆಕ್ನಿಷಿಯನ್: ಮಾಡಬೇಡಿ. ಚಾರ್ಜ್ ಆಗುವಾಗ ಆ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಡಬ್ಬಿ ಸುಡಬಹುದು. ಫ್ಯೂಸ್ ಇಲ್ಲದೆ ವೈರ್ ತಾಗಿದರೆ ಬೆಂಕಿ.

ಸಿಂಧನೂರು: ಸಿಡಿಲಿಗೆ ಫೈಬರ್ ಅಪಾಯವಾ?

ಟೆಕ್ನಿಷಿಯನ್: ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಪ್ಲಗ್ ಮೂಲಕ ಬರುತ್ತದೆ. ಗುಡುಗಿದರೆ ಪ್ಲಗ್ ಕಿತ್ತಿಡಿ.

ಮಾನ್ವಿ: "ಸ್ಟಾರ್ 401 ಒತ್ತಿ ಈ ನಂಬರ್ ಹಾಕಿದರೆ ನೆಟ್‌ವರ್ಕ್ ಜೋರಾಗುತ್ತದೆ" ಅಂತ ಇನ್ನೊಂದು ಗ್ರೂಪಿನಲ್ಲಿದೆ.

ಟೆಕ್ನಿಷಿಯನ್: ಅದು ಕಾಲ್ ಫಾರ್ವರ್ಡಿಂಗ್ ಕೋಡ್! ನಿಮ್ಮ ಕರೆಗಳು ಕಳ್ಳನ ಫೋನಿಗೆ ಹೋಗುತ್ತವೆ, ಕರೆಯಲ್ಲಿ ಹೇಳುವ ಓಟಿಪಿ ಅವನ ಕೈಗೆ ಸಿಗುತ್ತದೆ. ಇದಕ್ಕಾಗಿಯೇ ಆ ಕೋಡನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿತ್ತಲ್ವಾ? ಇನ್ನು ಮುಂದೆ ಇಂಥದ್ದಕ್ಕೆ ಉತ್ತರ ಬರೆಯುವುದಿಲ್ಲ.

ಮಾನ್ವಿ: ಗೊತ್ತಿಲ್ಲದೆ ಕೇಳಿದೆ ಸರ್. ಅದಕ್ಕೆ ಇಷ್ಟು ಸಿಟ್ಟಾ?

ಕೊಪ್ಪಳ: ಹಳೆ ಲ್ಯಾಂಡ್‌ಲೈನ್ ತೆಗೆಸಲಾ ಸರ್?

ಟೆಕ್ನಿಷಿಯನ್: ಮೇಲೆ ಓದಿ.

ಕಾರಟಗಿ: ಫ್ಯಾಕ್ಸ್ ಬಗ್ಗೆ ಕೇಳಿದ್ದೆ. ಯಾರೂ ಹೇಳಲಿಲ್ಲ.

ಕುಷ್ಟಗಿ ಕಡೆಯವಳು: ಸರ್, ನನ್ನ ತಮ್ಮ ಮೋಟಾರ್ ಸೈಕಲ್ ತಗೊಂಡು ಹೋಗಿ ನೋಡಿದ. ನೀವಂದ ಹಾಗೇ ಟಿವಿ ಸಾಕೆಟ್ ಇನ್ವರ್ಟರಿನಲ್ಲಿ ಇಲ್ಲ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಸದ್ಯಕ್ಕೆ ಡಬ್ಬಿಯನ್ನು ಫ್ಯಾನಿನ ಲೈನಿಗೆ ಎಕ್ಸ್‌ಟೆನ್ಶನ್ ಹಾಕಿ ಇಟ್ಟಿದ್ದಾನೆ, ಪಕ್ಕದ ಮನೆಯಿಂದ ಸುರುಳಿ ವೈರಿನ ಫೋನ್ ತಂದಿದ್ದಾನೆ. ಮೇನ್ ಆಫ್ ಮಾಡಿ ಅವ್ವನ ಕೈಲಿ ಫೋನ್ ಮಾಡಿಸಿದ. ಬಂತು ಸರ್.

ಟೆಕ್ನಿಷಿಯನ್: ಊರಿಗೇ ಕರೆಂಟ್ ಹೋದ ದಿನ ಇನ್ನೊಮ್ಮೆ ಮಾಡಿಸಿ ಅಕ್ಕಾ.